ಓದೋಕೇ ಆಗದ ಪೋಸ್ಟರ್ ನೋಡಿ ಜನ ಹೇಗೆ ಬರ್ತಿದ್ರು?

1966ರ ಜುಲೈ 22 ಮತ್ತು 23ರಂದು ಸ್ಯಾನ್ ಫ್ರಾನ್ಸಿಸ್ಕೊದ ಫಿಲ್‌ಮೋರ್ ಆಡಿಟೋರಿಯಂನಲ್ಲಿ ಒಂದು ರಾಕ್ ಕಾರ್ಯಕ್ರಮ ನಡೆಯಿತು. ಅದರ ಪೋಸ್ಟರ್ ಇವತ್ತಿಗೂ ನೆಟ್‌ನಲ್ಲಿ ಹುಡುಕಿದರೆ ಸಿಗುತ್ತದೆ. ಹಸಿರು ಹಿನ್ನೆಲೆ, ನಡುವೆ ಧಗಧಗ ಉರಿಯುವ ಕೆಂಪು ಬೆಂಕಿ. ಗಿಟಾರ್ ಇಲ್ಲ, ಹಾಡುವವರ ಮುಖ ಇಲ್ಲ. ಮೊದಲ ಸಲ ನೋಡಿದಾಗ ನನಗೆ ಕಂಡಿದ್ದು ಬೆಂಕಿ ಮಾತ್ರ. ಸ್ವಲ್ಪ ಹೊತ್ತು ದಿಟ್ಟಿಸಿದ ಮೇಲೆ ಗೊತ್ತಾಯಿತು, ಆ ಒಂದೊಂದು ಜ್ವಾಲೆಯೂ ಒಂದೊಂದು ಅಕ್ಷರ. ದಿ ಅಸೋಸಿಯೇಷನ್, ಕ್ವಿಕ್‌ಸಿಲ್ವರ್ ಮೆಸೆಂಜರ್ ಸರ್ವಿಸ್, ಗ್ರಾಸ್ ರೂಟ್ಸ್, ಸಾಪ್‌ವಿತ್ ಕ್ಯಾಮೆಲ್, ಹೀಗೆ ನಾಲ್ಕು ಬ್ಯಾಂಡಿನ ಹೆಸರು ಆ ಬೆಂಕಿಯೊಳಗೆ ಕೂತಿವೆ. ಹುಡುಕಿ ಓದೋಕೆ ನನಗೆ ಒಂದು ನಿಮಿಷಕ್ಕಿಂತ ಜಾಸ್ತಿ ಹಿಡಿಯಿತು.

ಇದನ್ನು ಬರೆದವನು ವೆಸ್ ವಿಲ್ಸನ್. ಬರೆಸಿದವನು ಬಿಲ್ ಗ್ರಹಾಂ, ಫಿಲ್‌ಮೋರ್ ನಡೆಸುತ್ತಿದ್ದ ಪಕ್ಕಾ ವ್ಯವಹಾರಸ್ಥ. ಟಿಕೆಟ್ ಮಾರಬೇಕಾದವನಿಗೆ ಇಂಥ ಪೋಸ್ಟರ್ ಕೈಗೆ ಬಂದರೆ ಹೇಗಾಗಬೇಡ? ಓದೋಕೆ ಆಗಲ್ಲವಲ್ಲ ಅಂತ ಗ್ರಹಾಂ ತಕರಾರು ತೆಗೆದನಂತೆ. ಅದಕ್ಕೇ ಜನ ನಿಂತು ನೋಡುತ್ತಾರೆ ಅಂತ ವಿಲ್ಸನ್ ಉತ್ತರ ಕೊಟ್ಟನಂತೆ. ಇಂಥವನ್ನು ಸೈಕೆಡೆಲಿಕ್ ಪೋಸ್ಟರ್ ಅನ್ನುತ್ತಾರೆ, ಅಂದರೆ ಎಲ್‌ಎಸ್‌ಡಿಯಂಥ ಮಾದಕವಸ್ತುವಿನ ಗುಂಗಿನಲ್ಲಿ ಕಾಣುವಂಥದ್ದನ್ನು ಕಾಗದಕ್ಕೆ ತರುವ ಪೋಸ್ಟರ್. ಈ ಕಲೆ ಅರ್ಥವಾಗಬೇಕಾದರೆ ವಿಲ್ಸನ್‌ನ ಈ ಉತ್ತರದಿಂದಲೇ ಶುರು ಮಾಡಬೇಕು. ಜಾಹೀರಾತು ಅಂದರೆ ದೂರದಿಂದ ಕಾಣಬೇಕು, ಬಸ್ಸಿನಲ್ಲಿ ಹೋಗುವವನಿಗೂ ಓದೋಕೆ ಸಿಗಬೇಕು ಅನ್ನೋದು ಎಲ್ಲರೂ ಒಪ್ಪಿದ ಮಾತು. ಇವರು ಆ ಮಾತನ್ನು ಬೇಕಂತಲೇ ತಲೆಕೆಳಗು ಮಾಡಿದರು. ಬಸ್ಸಿನಲ್ಲಿ ಹೋಗುವವನು ಇವರಿಗೆ ಬೇಕಾಗಿಯೇ ಇರಲಿಲ್ಲ. ಫುಟ್‌ಪಾತ್ ಮೇಲೆ ನಿಂತು, ತಲೆ ಓರೆ ಮಾಡಿ, ಪಕ್ಕದವನನ್ನು ಕೇಳಿ, ಕೊನೆಗೂ ಓದಿ ಮುಗಿಸಿ "ಓಹೋ" ಅನ್ನುವವನು ಬೇಕಿತ್ತು. ಅಷ್ಟು ಹೊತ್ತು ನಿಲ್ಲುವವನು ಶುಕ್ರವಾರ ರಾತ್ರಿ ಟಿಕೆಟ್ ತಗೊಳ್ಳದೆ ಇರುತ್ತಾನಾ?

ಹಾಗಂತ ಪೂರ್ತಿ ಹುಚ್ಚಾಟವೂ ಅಲ್ಲ. ಪೋಸ್ಟರಿನ ಕೆಳ ಅಂಚು ನೋಡಿ. ಟಿಕೆಟ್ ಯಾವ್ಯಾವ ಅಂಗಡಿಯಲ್ಲಿ ಸಿಗುತ್ತದೆ ಅನ್ನೋದು ಅಲ್ಲಿ ಸಣ್ಣದಾಗಿ, ಸರಿಯಾಗಿ ಓದೋ ಹಾಗೆ ಇರುತ್ತದೆ. ದುಡ್ಡಿನ ವಿಷಯದಲ್ಲಿ ಗ್ರಹಾಂ ಒಗಟು ಆಡುತ್ತಿರಲಿಲ್ಲ.

ಹಿನ್ನೆಲೆಯನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. 1965ರ ಬೇಸಿಗೆಯಲ್ಲಿ ನೆವಾಡದ ವರ್ಜೀನಿಯಾ ಸಿಟಿ ಅನ್ನೋ ಹಳೇ ಗಣಿ ಊರಿನ ರೆಡ್ ಡಾಗ್ ಸಲೂನ್‌ನಲ್ಲಿ ಷಾರ್ಲಟನ್ಸ್ ಅನ್ನೋ ಬ್ಯಾಂಡ್ ನುಡಿಸಿತು. ಅದಕ್ಕೆ ಆ ಬ್ಯಾಂಡಿನವರೇ ಆದ ಜಾರ್ಜ್ ಹಂಟರ್ ಮತ್ತು ಮೈಕೆಲ್ ಫರ್ಗುಸನ್ ಕೈಯಲ್ಲೇ ಬರೆದ ಪೋಸ್ಟರ್ ಇಡೀ ಸರಣಿಗೆ ಬೀಜ ಅಂತ ಲೆಕ್ಕ. ಸಂಗ್ರಾಹಕರು ಅದನ್ನು ಕರೆಯೋದೂ "ದಿ ಸೀಡ್" ಅಂತಲೇ. 1966ರ ಆರಂಭದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವಾರ ವಾರ ರಾಕ್ ಡಾನ್ಸ್ ಶುರುವಾಯಿತು. ಒಂದು ಕಡೆ ಫಿಲ್‌ಮೋರ್, ಬಿಲ್ ಗ್ರಹಾಂದು. ಇನ್ನೊಂದು ಕಡೆ ಅವಲಾನ್ ಬಾಲ್‌ರೂಂ, ಚೆಟ್ ಹೆಲ್ಮ್ಸ್ ಮತ್ತು ಅವನ ಫ್ಯಾಮಿಲಿ ಡಾಗ್ ಗುಂಪಿನದು. ವಾರಕ್ಕೊಂದು ಕಾರ್ಯಕ್ರಮ ಅಂದರೆ ವಾರಕ್ಕೊಂದು ಪೋಸ್ಟರ್. ಎರಡೂ ಕಡೆಯವರು ಪೋಸ್ಟರ್‌ಗೆ ನಂಬರ್ ಹಾಕುತ್ತಾ ಹೋದರು. ಫಿಲ್‌ಮೋರ್‌ನ ನಂಬರು 1971ರಲ್ಲಿ ಬಾಗಿಲು ಹಾಕುವ ಹೊತ್ತಿಗೆ 287ಕ್ಕೆ ಬಂದು ನಿಂತಿತು. ಇಷ್ಟು ಅವಸರದಲ್ಲಿ, ಗಡುವಿನ ಒತ್ತಡದಲ್ಲಿ ಹುಟ್ಟಿದ ಕಲೆ ಇದು. ಸ್ಫೂರ್ತಿ ಬರಲಿ ಅಂತ ಕಾಯುತ್ತಾ ಕೂರುವ ಭಾಗ್ಯ ಯಾರಿಗೂ ಇರಲಿಲ್ಲ.

ಈಗ ಅಕ್ಷರಗಳ ವಿಷಯ.

ವಿಲ್ಸನ್ ಕಲಾ ಶಾಲೆಯಿಂದ ಬಂದವನಲ್ಲ, ಪ್ರೆಸ್ಸಿನಿಂದ ಬಂದವನು. ಸಣ್ಣ ಮುದ್ರಣಾಲಯದಲ್ಲಿ ಕೆಲಸ ಮಾಡುತ್ತಿದ್ದ. 1965ರ ನವೆಂಬರಿನಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಹಳೆಯ ಜರ್ಮನ್ ಪೋಸ್ಟರ್‌ಗಳ ಪ್ರದರ್ಶನವೊಂದು ನಡೆಯಿತು. ಅದರ ಕೆಟಲಾಗ್ ಅವನ ಕೈಗೆ ಸಿಕ್ಕಿತು. ಅದರಲ್ಲಿ ವಿಯೆನ್ನಾದ ಆಲ್‌ಫ್ರೆಡ್ ರೋಲರ್ ಅನ್ನೋ ಕಲಾವಿದ 1900ರ ಆಸುಪಾಸಿನಲ್ಲಿ ಬರೆದ ಅಕ್ಷರಗಳಿದ್ದವು. ರೋಲರ್ ಅಕ್ಷರವನ್ನು ಗೆರೆ ಅಂತ ನೋಡಲಿಲ್ಲ, ಇಟ್ಟಿಗೆ ಅಂತ ನೋಡಿದ. ಅವನ ಒಂದೊಂದು ಅಕ್ಷರವೂ ಒಂದು ಚೌಕವನ್ನು ತುಂಬಿಕೊಂಡು ಕೂರುತ್ತದೆ. ಪಕ್ಕದ ಅಕ್ಷರಕ್ಕೂ ಅದಕ್ಕೂ ನಡುವೆ ಉಳಿಯೋದು ಒಂದು ಸಣ್ಣ ಸಂದು ಮಾತ್ರ.

ವಿಲ್ಸನ್ ಈ ಇಟ್ಟಿಗೆಯನ್ನು ತಗೊಂಡು ಬೆಣ್ಣೆಯ ಹಾಗೆ ಕರಗಿಸಿದ. ಮೊದಲು ಒಂದು ಆಕಾರ ಬರೆಯುತ್ತಾನೆ, ಜ್ವಾಲೆಯೋ, ಹೆಂಗಸಿನ ಕೂದಲೋ, ಒಂದು ಗೋಳವೋ. ಆಮೇಲೆ ಆ ಆಕಾರದೊಳಗೆ ಹೆಸರುಗಳನ್ನು ತುಂಬುತ್ತಾನೆ. ಅಕ್ಷರಕ್ಕೆ ತನ್ನದೇ ಅಳತೆ ಅಂತ ಇಲ್ಲ. ಜಾಗ ಎಷ್ಟಿದೆಯೋ ಅಷ್ಟು ಉಬ್ಬುತ್ತದೆ, ಬಳುಕುತ್ತದೆ, ಮೇಲೆ ದಪ್ಪ, ನಡುವೆ ಸಣ್ಣ, ಕೆಳಗೆ ಮತ್ತೆ ದಪ್ಪ. ನಾವು ಓದುವಾಗ ಬಿಳಿ ಹಾಳೆಯ ಮೇಲಿನ ಕಪ್ಪು ಗೆರೆಯನ್ನು ಓದುತ್ತೇವೆ. ಅಕ್ಷರ ಮುಂದೆ, ಹಾಳೆ ಹಿಂದೆ ಅನ್ನೋ ಅಭ್ಯಾಸ ಕಣ್ಣಿಗೆ ಗಟ್ಟಿಯಾಗಿ ಕೂತಿರುತ್ತದೆ. ಇಲ್ಲಿ ಅಕ್ಷರ ಎಲ್ಲ ಕಡೆ ತುಂಬಿ ಹಿನ್ನೆಲೆ ನೂಲಿನಷ್ಟು ಸಣ್ಣಗಾಗಿಬಿಟ್ಟಿರುತ್ತದೆ. ಹಾಗಾಗಿ ಕಣ್ಣು ಆ ನೂಲನ್ನೇ ಚಿತ್ರ ಅಂದುಕೊಂಡು ಅದರ ಹಿಂದೆ ಹೋಗುತ್ತದೆ, ದಾರಿ ತಪ್ಪುತ್ತದೆ. ಓದುವ ಉಪಾಯ ಏನು ಗೊತ್ತಾ? ಸಂದನ್ನು ನೋಡೋದು ಬಿಟ್ಟು ಉಬ್ಬನ್ನು ನೋಡಬೇಕು. ಒಂದು ಅಕ್ಷರ ಸಿಕ್ಕಿತು ಅಂದರೆ ಉಳಿದವು ತಾವಾಗೇ ಬಿಚ್ಚಿಕೊಳ್ಳುತ್ತವೆ.

ಇದೇನು ಮಹಾ ಅಂತ ನಾನೊಮ್ಮೆ ಕನ್ನಡದಲ್ಲಿ ಮಾಡಲು ಕೂತೆ. ನಮ್ಮ ಅಕ್ಷರ ಮೊದಲೇ ದುಂಡಗಿದೆ, ಅರ್ಧ ಕೆಲಸ ಆಗಿಯೇ ಹೋಗಿದೆ ಅಂತ ನನ್ನ ಲೆಕ್ಕ. ಒಂದು ಸಂಜೆ ಪೂರ್ತಿ ಹಾಳಾಯಿತು. ಮೊದಲ ತೊಂದರೆ ಒತ್ತಕ್ಷರ. ಅದು ಸಾಲಿನ ಕೆಳಗೆ ಇಳಿದು ಮುಂದಿನ ಸಾಲಿನ ತಲೆಕಟ್ಟಿಗೆ ಗುದ್ದುತ್ತದೆ. ಎರಡನೆಯದು ಇನ್ನೂ ಕಷ್ಟದ್ದು. ಶಾಲೆಯಲ್ಲಿ ಮೇಷ್ಟ್ರು "ಹೊಟ್ಟೆ ಸೀಳೋ" ಅಂತ ಹೇಳಿಕೊಡುತ್ತಿದ್ದರಲ್ಲ, ದ ಮತ್ತು ಧ, ಬ ಮತ್ತು ಭ, ಇವುಗಳ ನಡುವಿನ ವ್ಯತ್ಯಾಸ ಇರೋದೇ ಆ ಒಂದು ಸಣ್ಣ ಸೀಳಿನಲ್ಲಿ. ಅಕ್ಷರವನ್ನು ಉಬ್ಬಿಸಿದ ಕೂಡಲೇ ಆ ಸೀಳು ಅಕ್ಕಪಕ್ಕದ ಸಂದಿನ ಜೊತೆ ಬೆರೆತು ಮಾಯ. ಪ ಯಾವುದು, ಷ ಯಾವುದು ಅನ್ನೋದೂ ಹಾಗೇ. ರೋಮನ್ ಲಿಪಿಯ ದೊಡ್ಡಕ್ಷರಗಳಲ್ಲಿ ಮೈಯ ಆಕಾರವೇ ಬೇರೆ ಬೇರೆ ಇರುವುದರಿಂದ ಅವು ಈ ಹಿಂಸೆಯನ್ನು ತಡೆದುಕೊಳ್ಳುತ್ತವೆ. ಕನ್ನಡಕ್ಕೆ ಬೇರೆಯೇ ಉಪಾಯ ಹುಡುಕಬೇಕು. ಅಸಾಧ್ಯ ಅಂತ ಹೇಳುತ್ತಿಲ್ಲ, ನನ್ನ ಕೈಲಿ ಆಗಲಿಲ್ಲ ಅಷ್ಟೇ.

ಅಕ್ಷರದಷ್ಟೇ ದೊಡ್ಡ ಕಥೆ ಬಣ್ಣದ್ದು. ಇಲ್ಲಿ ನಾಯಕ ವಿಕ್ಟರ್ ಮೊಸ್ಕೊಸೊ. ಹುಟ್ಟಿದ್ದು 1936ರಲ್ಲಿ, ಸ್ಪೇನಿನ ಗಲೀಸಿಯಾದಲ್ಲಿ. ಬೆಳೆದದ್ದು ಅಮೆರಿಕದಲ್ಲಿ. ಈ ಗುಂಪಿನಲ್ಲಿ ಎಲ್ಲರಿಗಿಂತ ಹೆಚ್ಚು ಕಲಾ ಶಿಕ್ಷಣ ಪಡೆದವನು ಅಂದರೆ ಇವನೇ. ನ್ಯೂಯಾರ್ಕಿನ ಕೂಪರ್ ಯೂನಿಯನ್, ಆಮೇಲೆ ಯೇಲ್. ಯೇಲ್‌ನಲ್ಲಿ ಬಣ್ಣದ ಪಾಠ ಕೇಳಿದ್ದು ಜೋಸೆಫ್ ಆಲ್ಬರ್ಸ್ ಹತ್ತಿರ. ಬಣ್ಣ ಒಂಟಿಯಾಗಿ ಇರೋದಿಲ್ಲ, ಪಕ್ಕದ ಬಣ್ಣ ಬದಲಾದರೆ ಇದೂ ಬದಲಾದ ಹಾಗೆ ಕಾಣುತ್ತದೆ ಅಂತ ಜೀವನವಿಡೀ ತೋರಿಸಿದ ಮೇಷ್ಟ್ರು ಆಲ್ಬರ್ಸ್. ಆ ಪಾಠದಲ್ಲಿ ಒಂದು ಎಚ್ಚರಿಕೆಯೂ ಇತ್ತು. ಕೆಲವು ಬಣ್ಣಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಅಂಚು ನಡುಗುತ್ತದೆ, ಅದು ಓದುವವನಿಗೆ ಹಿಂಸೆ, ಹಾಗಾಗಿ ಮಾಡಬೇಡಿ. ಮೊಸ್ಕೊಸೊ ಪೋಸ್ಟರ್ ಬರೆಯಲು ಬಂದಾಗ ಮೊದಲು ಕಲಿತದ್ದನ್ನೆಲ್ಲ ಶಿಸ್ತಾಗಿ ಪಾಲಿಸಿದ. ಪೋಸ್ಟರ್ ಸಪ್ಪೆಯಾಯಿತು. ಆಮೇಲೆ ಮೇಷ್ಟ್ರು ಬೇಡ ಅಂದದ್ದನ್ನೇ ಹುಡುಕಿ ಹುಡುಕಿ ಮಾಡಿದ. ಸಂಗೀತದವರು ಆಂಪ್ಲಿಫೈಯರ್‌ನ ವಾಲ್ಯೂಮ್ ಏರಿಸಿ ಕಿವಿ ತೂತು ಮಾಡುವಾಗ ತಾನು ಕಣ್ಣಿಗೆ ಅದನ್ನೇ ಮಾಡಿದೆ ಅನ್ನೋ ಅರ್ಥದ ಮಾತನ್ನು ಮುಂದೆ ಅವನೇ ಹೇಳಿಕೊಂಡಿದ್ದಾನೆ.

ಈ ನಡುಕ ಯಾಕೆ ಬರುತ್ತದೆ? ಸ್ವಲ್ಪ ನಿಧಾನವಾಗಿ ನೋಡೋಣ, ಇದು ನನಗೆ ತುಂಬಾ ಇಷ್ಟವಾದ ಭಾಗ.

ಒಂದು ಬಣ್ಣದಲ್ಲಿ ಎರಡು ವಿಷಯ ಇರುತ್ತವೆ. ಅದು ಕೆಂಪೋ ಹಸಿರೋ ಅನ್ನೋದು ಒಂದು. ಅದು ಎಷ್ಟು ತಿಳಿ, ಎಷ್ಟು ಗಾಢ ಅನ್ನೋದು ಇನ್ನೊಂದು. ವಸ್ತುವಿನ ಅಂಚು ಎಲ್ಲಿದೆ ಅಂತ ನಮ್ಮ ಕಣ್ಣು ಹೆಚ್ಚಾಗಿ ಕಂಡುಹಿಡಿಯೋದು ಎರಡನೆಯದರಿಂದ, ಅಂದರೆ ಬೆಳಕು ಕತ್ತಲಿನ ವ್ಯತ್ಯಾಸದಿಂದ. ಈಗ ಒಂದು ಕೆಂಪು ಮತ್ತು ಒಂದು ಹಸಿರನ್ನು ತಗೊಂಡು, ಎರಡೂ ಅಷ್ಟಷ್ಟೇ ಗಾಢ ಇರೋ ಹಾಗೆ ಹೊಂದಿಸಿ ಪಕ್ಕ ಪಕ್ಕ ಇಡಿ. ಬಣ್ಣ ನೋಡುವ ಭಾಗ "ಇಲ್ಲಿ ದೊಡ್ಡ ವ್ಯತ್ಯಾಸ ಇದೆ" ಅಂತ ಕೂಗುತ್ತದೆ. ಬೆಳಕು ನೋಡುವ ಭಾಗ "ಇಲ್ಲಿ ಅಂಚೇ ಇಲ್ಲವಲ್ಲ" ಅನ್ನುತ್ತದೆ. ಎರಡು ಸಾಕ್ಷಿಗಳೂ ಒಂದೊಂದು ಥರ ಹೇಳಿದರೆ ಜಡ್ಜ್ ಏನು ಮಾಡಬೇಕು? ಅದರ ಮೇಲೆ, ನಮ್ಮ ಕಣ್ಣು ಒಂದು ಕಡೆ ನೆಟ್ಟಿದ್ದರೂ ಸಣ್ಣಗೆ ಅಲುಗುತ್ತಲೇ ಇರುತ್ತದೆ. ಕೆಂಪನ್ನು ನೋಡಿ ದಣಿದ ಕಣ್ಣು ಪಕ್ಕಕ್ಕೆ ಸರಿದಾಗ ಅದರ ವಿರುದ್ಧದ ಬಣ್ಣದ ನೆರಳು ಜೊತೆಗೇ ಬಂದು ಹಸಿರಿನ ಮೇಲೆ ಬೀಳುತ್ತದೆ, ಅಂಚಿನಲ್ಲಿ ಹಸಿರು ಇನ್ನಷ್ಟು ಹಸಿರಾಗುತ್ತದೆ. ಕೆಂಪು ಮತ್ತು ನೀಲಿಯಾದರೆ ಇನ್ನೊಂದು ಆಟ. ಎರಡೂ ಬಣ್ಣದ ಬೆಳಕು ಕಣ್ಣೊಳಗೆ ಒಂದೇ ದೂರದಲ್ಲಿ ಕೂಡುವುದಿಲ್ಲ. ಹಾಗಾಗಿ ಒಂದೇ ಹಾಳೆಯ ಮೇಲಿದ್ದರೂ ಕೆಂಪು ಮುಂದೆ, ನೀಲಿ ಹಿಂದೆ ಇದ್ದ ಹಾಗೆ ತುಂಬಾ ಜನರಿಗೆ ಕಾಣುತ್ತದೆ. ಇವೆಲ್ಲ ಸೇರಿ ಅಚ್ಚಾದ ಕಾಗದ ಅಲ್ಲಾಡಿದ ಹಾಗೆ, ಮಿಡಿದ ಹಾಗೆ ಅನ್ನಿಸುತ್ತದೆ.

ನಂಬಿಕೆ ಬರದಿದ್ದರೆ ಒಂದು ಪರೀಕ್ಷೆ ಇದೆ. ಮೊಸ್ಕೊಸೊನ ಒಂದು ಪೋಸ್ಟರನ್ನು ಫೋನಿನಲ್ಲಿ ತೆರೆದು ಕಪ್ಪು ಬಿಳುಪು ಮಾಡಿ. ಎಷ್ಟೋ ಕಡೆ ಅಕ್ಷರ ಹಿನ್ನೆಲೆಯೊಳಗೆ ಮುಳುಗಿಹೋಗುತ್ತದೆ, ಬೂದು ಮೇಲೆ ಬೂದು. ಕಣ್ಣಿಗೆ ಅಷ್ಟು ಕುಕ್ಕುತ್ತಿದ್ದ ಪೋಸ್ಟರ್ ಇದೇನಾ ಅನ್ನಿಸುತ್ತದೆ.

ಮೊಸ್ಕೊಸೊನ ಹೆಸರಾದ ಕೆಲಸ ಚೇಂಬರ್ಸ್ ಬ್ರದರ್ಸ್ ಬ್ಯಾಂಡಿಗಾಗಿ 1967ರಲ್ಲಿ ಮಾಡಿದ್ದು. ಒಬ್ಬಳು ಹೆಂಗಸಿನ ಮುಖ, ಕಣ್ಣಿಗೆ ಕೂಲಿಂಗ್ ಗ್ಲಾಸ್, ಆ ಗಾಜುಗಳೊಳಗೆ ಕಾರ್ಯಕ್ರಮದ ವಿವರ. ಇದು ಮ್ಯಾಟ್ರಿಕ್ಸ್ ಅನ್ನೋ ಸಣ್ಣ ಕ್ಲಬ್ಬಿಗೆ ಮಾಡಿದ ನಿಯಾನ್ ರೋಸ್ ಸರಣಿಯದು. ಈ ಸರಣಿಯಲ್ಲಿ ಇನ್ನೊಂದು ಜಾಣತನವೂ ಇದೆ, ಅದು ಬಣ್ಣದ್ದಲ್ಲ, ಹಕ್ಕಿನದು. ಅಚ್ಚು ಹಾಕಿಸುವವನು ತಾನೇ. ಕ್ಲಬ್ಬಿಗೆ ಒಂದಷ್ಟು ಪ್ರತಿ ಪುಕ್ಕಟೆ ಕೊಟ್ಟು ಉಳಿದದ್ದನ್ನು ತಾನೇ ಮಾರಿಕೊಂಡ. ಪೋಸ್ಟರಿನ ಒಡೆತನ ತನ್ನ ಹತ್ತಿರವೇ ಇಟ್ಟುಕೊಂಡ. ಬೇರೆಯವರಿಗೆ ಈ ಬುದ್ಧಿ ಬರುವ ಹೊತ್ತಿಗೆ ತಡವಾಗಿತ್ತು.

ಅವನ ಇನ್ನೊಂದು ಚಮತ್ಕಾರ ಕೇಳಿ. ಕೆಲವು ಪೋಸ್ಟರುಗಳು ಚಲಿಸುತ್ತವೆ, ಸುಳ್ಳಲ್ಲ. ಒಬ್ಬಳು ಕುಣಿಯುವ ಹೆಂಗಸನ್ನು ಒಂದು ಭಂಗಿಯಲ್ಲಿ ಕೆಂಪು ಇಂಕಿನಲ್ಲಿ, ಇನ್ನೊಂದು ಭಂಗಿಯಲ್ಲಿ ನೀಲಿ ಇಂಕಿನಲ್ಲಿ, ಒಂದರ ಮೇಲೊಂದು ಅಚ್ಚು ಹಾಕಿದ. ಮಾಮೂಲಿ ಬೆಳಕಿನಲ್ಲಿ ಅದು ಗಲಿಬಿಲಿಯ ಚಿತ್ರ. ಕತ್ತಲೆ ಕೋಣೆಯಲ್ಲಿ ಕೆಂಪು ಬಲ್ಬ್ ಹಾಕಿ. ಕೆಂಪು ಬೆಳಕಿನಲ್ಲಿ ಬಿಳಿ ಕಾಗದವೂ ಕೆಂಪಾಗಿ ಕಾಣೋದರಿಂದ ಕೆಂಪು ಇಂಕು ಅದರೊಳಗೆ ಕಳೆದುಹೋಗುತ್ತದೆ, ನೀಲಿ ಚಿತ್ರ ಮಾತ್ರ ಕಪ್ಪಾಗಿ ನಿಲ್ಲುತ್ತದೆ. ನೀಲಿ ಬಲ್ಬ್ ಹಾಕಿದರೆ ಉಲ್ಟಾ. ಎರಡು ಬಲ್ಬ್ ಒಂದಾದ ಮೇಲೊಂದು ಹತ್ತಿ ಆರುತ್ತಿದ್ದರೆ ಹೆಂಗಸು ಕೈ ಬೀಸಿ ಕುಣಿಯುತ್ತಾಳೆ. ಆ ಕಾಲದ ಡಾನ್ಸ್ ಹಾಲುಗಳಲ್ಲಿ, ಹುಡುಗರ ಕೋಣೆಗಳಲ್ಲಿ ಬಣ್ಣದ ಮಿನುಗು ದೀಪಕ್ಕೆ ಬರ ಇರಲಿಲ್ಲವಲ್ಲ, ಅದನ್ನು ಲೆಕ್ಕ ಹಾಕಿಯೇ ಮಾಡಿದ ಕೆಲಸ ಇದು.

ಇಲ್ಲೊಂದು ತಪ್ಪು ತಿಳುವಳಿಕೆ ಬಗ್ಗೆ ಹೇಳಲೇಬೇಕು. ಸೈಕೆಡೆಲಿಕ್ ಪೋಸ್ಟರ್ ಅಂದರೆ ನೇರಳೆ ಬಲ್ಬಿನ ಕೆಳಗೆ ಹೊಳೆಯುವ, ಕಪ್ಪು ಹಿನ್ನೆಲೆಯ ಪೋಸ್ಟರ್ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅದು ಅಂಗಡಿಯಲ್ಲಿ ಮಾರಾಟಕ್ಕೆ ಅಂತಲೇ ಮಾಡಿದ ಬೇರೆ ಸರಕು. ಫಿಲ್‌ಮೋರ್ ಮತ್ತು ಅವಲಾನ್ ಪೋಸ್ಟರುಗಳಲ್ಲಿ ಬಹುಪಾಲು ಮಾಮೂಲಿ ಆಫ್‌ಸೆಟ್ ಇಂಕಿನಲ್ಲಿ, ಸುಮಾರು 14 ಇಂಚು ಅಗಲ 20 ಇಂಚು ಎತ್ತರದ ಕಾಗದದ ಮೇಲೆ ಅಚ್ಚಾದವು. ಹೊಳಪು ಬಂದಿದ್ದು ಇಂಕಿನಿಂದಲ್ಲ, ಯಾವುದರ ಪಕ್ಕ ಯಾವುದನ್ನು ಇಟ್ಟರು ಅನ್ನೋದರಿಂದ.

ಪ್ರೆಸ್ಸಿನ ಕೆಲಸ ಗೊತ್ತಿಲ್ಲದೆ ಇದು ಸಾಧ್ಯವೇ ಇರಲಿಲ್ಲ. ಆಫ್‌ಸೆಟ್‌ನಲ್ಲಿ ಬಣ್ಣಕ್ಕೊಂದು ಪ್ಲೇಟ್, ಅಂದರೆ ಅಚ್ಚಿನ ತಗಡು. ಕಲಾವಿದ ಬಣ್ಣ ಬಣ್ಣದ ಪೇಂಟಿಂಗ್ ಮಾಡಿ ಕೊಡುತ್ತಿರಲಿಲ್ಲ. ಕಪ್ಪು ಗೆರೆಯ ಚಿತ್ರ ಒಂದು, ಅದರ ಮೇಲೆ ಪಾರದರ್ಶಕ ಹಾಳೆಗಳು, ಒಂದೊಂದು ಹಾಳೆಯಲ್ಲಿ ಒಂದೊಂದು ಬಣ್ಣ ಎಲ್ಲಿ ಬರಬೇಕು ಅನ್ನೋ ಗುರುತು. ಎಲ್ಲವೂ ಕಪ್ಪಿನಲ್ಲೇ. ಬಣ್ಣ ಇರೋದು ಅವನ ತಲೆಯಲ್ಲಿ, ಮತ್ತು ಪ್ರೆಸ್ಸಿನ ಇಂಕ್ ಡಬ್ಬದಲ್ಲಿ. ಇಂಕು ಒಂದರ ಮೇಲೊಂದು ಬಿದ್ದ ಕಡೆ ಮೂರನೆಯ ಬಣ್ಣ ಪುಕ್ಕಟೆ ಸಿಗುತ್ತದೆ, ನೀಲಿ ಮೇಲೆ ಹಳದಿ ಬಿದ್ದರೆ ಹಸಿರು, ಹೀಗೆ. ದುಡ್ಡು ಕಡಿಮೆ ಇದ್ದವರಿಗೆ ಇದು ದೊಡ್ಡ ಉಳಿತಾಯ. ಇನ್ನೊಂದು ಕಸುಬಿನ ಆಟ ಇಂಕ್ ತೊಟ್ಟಿಯದ್ದು. ಯಂತ್ರದಲ್ಲಿ ಇಂಕು ತುಂಬುವ ಉದ್ದನೆಯ ತೊಟ್ಟಿ ಇರುತ್ತದೆ. ಅದರ ಒಂದು ತುದಿಗೆ ಕಿತ್ತಳೆ, ಇನ್ನೊಂದು ತುದಿಗೆ ಗುಲಾಬಿ ಬಣ್ಣ ಹಾಕಿದರೆ ಇಂಕು ಹಚ್ಚುವ ಉರುಳೆ ಓಡುತ್ತಾ ಓಡುತ್ತಾ ನಡುವೆ ಎರಡೂ ಬೆರೆತು ಕಾಮನಬಿಲ್ಲಿನ ಹಾಗೆ ಜಾರುತ್ತವೆ. ಒಂದೇ ಪ್ಲೇಟಿನಲ್ಲಿ, ಒಂದೇ ಓಟದಲ್ಲಿ. ಮೊದಲ ಪ್ರತಿಗೂ ನೂರನೆಯ ಪ್ರತಿಗೂ ಬಣ್ಣ ಸ್ವಲ್ಪ ಬೇರೆ ಬರುತ್ತದೆ, ಅದೇ ಚೆಂದ. ಸ್ಯಾನ್ ಫ್ರಾನ್ಸಿಸ್ಕೊದ ಹಿಪ್ಪಿಗಳ ಪತ್ರಿಕೆ ಒರಾಕಲ್ ಇದನ್ನು ಮನಸಾರೆ ಬಳಸಿತು. ಲೆವೊನ್ ಮೊಸ್ಗೋಫಿಯನ್ ಅನ್ನೋ ಅನುಭವಿ ಮುದ್ರಕನ ಹೆಸರನ್ನು ಇಲ್ಲಿ ಬಿಡಬಾರದು. ಟೀ ಲೋಟ್ರೆಕ್ ಲಿಥೊ ಅನ್ನೋ ಹೆಸರಿನಲ್ಲಿ ಈ ಹುಡುಗರ ಎಷ್ಟೋ ಪೋಸ್ಟರುಗಳನ್ನು ಅಚ್ಚು ಹಾಕಿಕೊಟ್ಟವನು ಅವನು.

ಅದಕ್ಕೇ "ಎಲ್ಲ ಎಲ್‌ಎಸ್‌ಡಿ ಮಹಿಮೆ" ಅಂತ ಯಾರಾದರೂ ಹೇಳಿದರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಮಾದಕವಸ್ತು ಆ ಊರಿನ ಗಾಳಿಯಲ್ಲೇ ಇತ್ತು, ಸುಳ್ಳಲ್ಲ. 1966ರ ಅಕ್ಟೋಬರ್ 6ರವರೆಗೆ ಕ್ಯಾಲಿಫೋರ್ನಿಯಾದಲ್ಲಿ ಎಲ್‌ಎಸ್‌ಡಿಗೆ ನಿಷೇಧವೂ ಇರಲಿಲ್ಲ. ಆ ಅನುಭವದಲ್ಲಿ ಗೋಡೆ ಉಸಿರಾಡಿದ ಹಾಗೆ, ಗೆರೆ ಹರಿದ ಹಾಗೆ ಕಾಣುತ್ತದಂತೆ, ಪೋಸ್ಟರುಗಳು ಅದನ್ನೇ ಕಾಗದದ ಮೇಲೆ ತರಲು ನೋಡಿದವು, ಅದೂ ನಿಜ. ಆದರೆ ನಾಲ್ಕು ಪ್ಲೇಟು ಕೂದಲೆಳೆ ತಪ್ಪದ ಹಾಗೆ ಒಂದರ ಮೇಲೊಂದು ಕೂರಿಸೋದಕ್ಕೆ, ನೂಲಿನಂಥ ಸಂದನ್ನು ಇಡೀ ಪೋಸ್ಟರಿನಲ್ಲಿ ಒಂದೇ ಅಗಲಕ್ಕೆ ಎಳೆಯೋದಕ್ಕೆ ಬೇಕಾದದ್ದು ನಡುಗದ ಕೈ. ಗುಂಗಿನಲ್ಲಿ ಇದ್ದವನಿಂದ ಆಗುವ ಕೆಲಸ ಅಲ್ಲ.

ಇನ್ನು ಚಿತ್ರಗಳು. ಇಲ್ಲಿ ಕದಿಯೋದೇ ಒಂದು ಕಲೆ. ಆಲ್ಟನ್ ಕೆಲ್ಲಿ ಮತ್ತು ಸ್ಟ್ಯಾನ್ಲಿ ಮೌಸ್ ಅಂತ ಇಬ್ಬರು ಜೊತೆಗಾರರು. ಮೌಸ್ ಡಿಟ್ರಾಯಿಟಿನವನು, ಕಾರು ರೇಸಿನ ಹುಡುಗರಿಗೆ ಟಿ ಶರ್ಟ್ ಮೇಲೆ ಭೂತಪಿಶಾಚಿಗಳನ್ನು ಏರ್‌ಬ್ರಷ್‌ನಲ್ಲಿ ಬರೆದುಕೊಡುತ್ತಿದ್ದವನು. ಕೈ ಅವನದು, ಐಡಿಯಾ ಹೆಚ್ಚಾಗಿ ಕೆಲ್ಲಿಯದು. ಕೆಲ್ಲಿ ಎಡಗೈಯವನು, ಮೌಸ್ ಬಲಗೈಯವನು. ಹಾಗಾಗಿ ಒಂದೇ ಹಾಳೆಯ ಮೇಲೆ ಇಬ್ಬರೂ ಒಟ್ಟಿಗೆ ಬಾಗಿ ಕೆಲಸ ಮಾಡಿದರೂ ಮೊಣಕೈ ತಾಗುತ್ತಿರಲಿಲ್ಲ! ಇಬ್ಬರೂ ಸ್ಯಾನ್ ಫ್ರಾನ್ಸಿಸ್ಕೊದ ಸಾರ್ವಜನಿಕ ಗ್ರಂಥಾಲಯದಲ್ಲಿ ಕೂತು ಹಳೇ ಪುಸ್ತಕ ತಿರುವುತ್ತಿದ್ದರು. ಒಂದು ದಿನ ಒಮರ್ ಖಯ್ಯಾಮನ ರುಬಾಯಿಗಳ ಹಳೆಯ ಇಂಗ್ಲಿಷ್ ಆವೃತ್ತಿಯಲ್ಲಿ ಎಡ್ಮಂಡ್ ಸಲಿವನ್ ಬರೆದ ಚಿತ್ರ ಸಿಕ್ಕಿತು. ಗುಲಾಬಿ ಹೂವುಗಳ ನಡುವೆ ನಿಂತ ಒಂದು ಅಸ್ಥಿಪಂಜರ, ತಲೆಗೂ ಗುಲಾಬಿ ಮುಡಿದದ್ದು. ಗ್ರೇಟ್‌ಫುಲ್ ಡೆಡ್ ಅನ್ನೋ ಬ್ಯಾಂಡಿಗೆ ಇದಕ್ಕಿಂತ ಬೇಕಾ? 1966ರ ಸೆಪ್ಟೆಂಬರಿನ ಅವಲಾನ್ ಪೋಸ್ಟರಿಗೆ ಅದನ್ನು ಎತ್ತಿಕೊಂಡು ಬಣ್ಣ ತುಂಬಿದರು. ಮುಂದೆ ಅದು ಆ ಬ್ಯಾಂಡಿನ ಗುರುತೇ ಆಗಿಹೋಯಿತು. ಅದೇ ವರ್ಷ ಅಲ್ಫೋನ್ಸ್ ಮೂಖಾ ಅನ್ನೋ ಕಲಾವಿದ 1896ರಲ್ಲಿ ಒಂದು ಸಿಗರೇಟ್ ಕಾಗದದ ಕಂಪನಿಗೆ ಮಾಡಿದ ಜಾಹೀರಾತಿನ ಹೆಂಗಸನ್ನು ಎತ್ತಿಕೊಂಡು ಅವಳ ಕೂದಲಿಗೆ ಹಸಿರು ಬಣ್ಣ ಹಚ್ಚಿದರು.

ಕಳ್ಳತನ ಅನ್ನಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಮೂಖಾ ಬರೆದದ್ದೂ ಬೀದಿಗೆ ಅಂಟಿಸುವ ಜಾಹೀರಾತೇ. ಎಪ್ಪತ್ತು ವರ್ಷ ಪುಸ್ತಕದೊಳಗೆ ಮಲಗಿದ್ದ ಒಂದು ಬೀದಿಯ ಕಲೆಯನ್ನು ಇವರು ಮತ್ತೆ ಬೀದಿಗೆ ತಂದು ನಿಲ್ಲಿಸಿದರು.

ರಿಕ್ ಗ್ರಿಫಿನ್ ದಾರಿ ಬೇರೆ. ಅವನು ಕಡಲತೀರದ ಹುಡುಗ, ಸರ್ಫರ್ ಪತ್ರಿಕೆಗೆ ಮರ್ಫಿ ಅನ್ನೋ ಕಾರ್ಟೂನ್ ಪಾತ್ರ ಬರೆಯುತ್ತಿದ್ದ. ಇವನ ಗೆರೆಯಷ್ಟು ಸೂಕ್ಷ್ಮ ಉಳಿದವರಲ್ಲಿ ಯಾರದೂ ಇಲ್ಲ ಅಂತ ನನ್ನ ಅಭಿಪ್ರಾಯ. 1968ರ ಫೆಬ್ರವರಿಯಲ್ಲಿ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಕಾರ್ಯಕ್ರಮಕ್ಕೆ ಬರೆದ ಹಾರುವ ಕಣ್ಣಿನ ಪೋಸ್ಟರ್ ಇಡೀ ಸರಣಿಯಲ್ಲೇ ಹೆಸರಾದದ್ದು. ಕಿತ್ತಳೆ ಹಿನ್ನೆಲೆ, ಬೆಂಕಿಯ ಬಳೆಯನ್ನು ಸೀಳಿಕೊಂಡು ಬರುವ ರೆಕ್ಕೆಯುಳ್ಳ ಒಂದು ಕಣ್ಣುಗುಡ್ಡೆ, ಕೈಯಲ್ಲಿ ತಲೆಬುರುಡೆ. ಆ ಕಣ್ಣಿನ ಮೂಲವೂ ಕಾರುಗಳಿಗೆ ಚಿತ್ರ ಬರೆಯುವವರ ಲೋಕದ್ದು. ನೋಡಿದರೆ ಭಯವೂ ಆಗುತ್ತದೆ, ನಗುವೂ ಬರುತ್ತದೆ. ಗ್ರಿಫಿನ್ 1991ರಲ್ಲಿ ಬೈಕ್ ಅಪಘಾತದಲ್ಲಿ ತೀರಿಕೊಂಡ. 47 ವರ್ಷ ಅಷ್ಟೇ.

ವಿಲ್ಸನ್, ಮೊಸ್ಕೊಸೊ, ಗ್ರಿಫಿನ್, ಕೆಲ್ಲಿ, ಮೌಸ್, ಈ ಐವರನ್ನು "ಬಿಗ್ ಫೈವ್" ಅಂತ ಕರೆಯುವ ರೂಢಿ. ಈ ರೂಢಿಯಿಂದ ಒಂದು ಅನ್ಯಾಯ ಆಗಿದೆ. 1967ರ ಮೇ ತಿಂಗಳಲ್ಲಿ ದುಡ್ಡಿನ ವಿಷಯಕ್ಕೆ ವಿಲ್ಸನ್ ಮತ್ತು ಗ್ರಹಾಂ ನಡುವೆ ಮುರಿದುಬಿತ್ತು. ವಿಲ್ಸನ್ ಕೊನೆಯದಾಗಿ ಒಂದು ಪೋಸ್ಟರ್ ಬರೆದು, ಅದರಲ್ಲಿ ಡಾಲರ್ ಗುರುತು ಹೊತ್ತ ಹಾವನ್ನು ಇಟ್ಟು ಹೊರಟುಹೋದ. ಮುಂದಿನ ವಾರದ ಪೋಸ್ಟರ್ ಯಾರು ಬರೆಯಬೇಕು? ಬರೆದವಳು ಬಾನಿ ಮೆಕ್ಲೀನ್. ಆಗ ಆಕೆ ಫಿಲ್‌ಮೋರ್‌ನಲ್ಲೇ ಕೆಲಸದಲ್ಲಿದ್ದಳು, ಮುಂದಿನ ಕಾರ್ಯಕ್ರಮಗಳ ಪಟ್ಟಿಯನ್ನು ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಚೆಂದವಾಗಿ ಬರೆಯುತ್ತಿದ್ದಳು. ಅದೇ ವರ್ಷ ಗ್ರಹಾಂನನ್ನು ಮದುವೆಯಾದಳು. ಹಲಗೆ ಬಿಟ್ಟು ಪೋಸ್ಟರಿಗೆ ಬಂದವಳು ಮೂವತ್ತರಷ್ಟು ಪೋಸ್ಟರ್ ಬರೆದಳು. ಯಾರ್ಡ್‌ಬರ್ಡ್ಸ್ ಮತ್ತು ಡೋರ್ಸ್‌ಗಾಗಿ 1967ರ ಜುಲೈನಲ್ಲಿ ಬರೆದದ್ದು ನೋಡಿ, ಹಳೇ ಚರ್ಚಿನ ಗೋಡೆಯಿಂದ ಇಳಿದು ಬಂದಂಥ ಮುಖ. ವಿಲ್ಸನ್‌ನ ಬಳುಕು ಅಲ್ಲಿಲ್ಲ, ಒಂದು ಥರದ ಮೌನ ಇದೆ. ಆರನೆಯವಳಾಗಿ ಆಕೆಯ ಹೆಸರು ಸೇರಿಸೋಕೆ ಏನು ಕಷ್ಟವಿತ್ತೋ.

ನಮ್ಮ ದೇಶದ ಎಳೆಯೂ ಇದರಲ್ಲಿದೆ. 1967ರ ಜನವರಿ 14ರಂದು ಗೋಲ್ಡನ್ ಗೇಟ್ ಪಾರ್ಕಿನಲ್ಲಿ ನಡೆದ ಹ್ಯೂಮನ್ ಬಿ-ಇನ್ ಅನ್ನೋ ದೊಡ್ಡ ಕೂಟದ ಒಂದು ಪೋಸ್ಟರಿನಲ್ಲಿ ಜಟೆ ಬಿಟ್ಟ ಸಾಧುವಿನ ಫೋಟೊ, ಹಣೆಯಲ್ಲಿ ಮೂರನೆಯ ಕಣ್ಣು. ಅದೇ ತಿಂಗಳ 29ರಂದು ಅವಲಾನ್‌ನಲ್ಲಿ ಮಂತ್ರ-ರಾಕ್ ಡಾನ್ಸ್ ಅಂತ ನಡೆಯಿತು. ಪೋಸ್ಟರಿನಲ್ಲಿ ಇಸ್ಕಾನ್ ಕಟ್ಟಿದ ಭಕ್ತಿವೇದಾಂತ ಪ್ರಭುಪಾದರ ಫೋಟೊ, ಕೆಳಗೆ ಗ್ರೇಟ್‌ಫುಲ್ ಡೆಡ್ ಮುಂತಾದ ಬ್ಯಾಂಡುಗಳ ಹೆಸರು. ಪ್ರಭುಪಾದರೂ ಬಂದಿದ್ದರು, ಎರಡೂವರೆ ಡಾಲರ್ ಟಿಕೆಟ್ ತಗೊಂಡ ಹುಡುಗರು ಹರೇ ಕೃಷ್ಣ ಹೇಳಿದರು. ಸಾಧು, ಮಂಡಲ, ಕಮಲ, ಅಮೆರಿಕದ ಮೂಲನಿವಾಸಿಯ ತಲೆಯ ಗರಿ, ಇವರಿಗೆ ಎಲ್ಲವೂ ಒಂದೇ ಬುಟ್ಟಿಯ ಸಾಮಾನು. ಪ್ರೀತಿಯಿಂದಲೇ ತಗೊಂಡರು, ಆದರೆ ಅದರ ಹಿಂದೆ ಏನಿದೆ ಅಂತ ಕೇಳುವ ಪುರುಸೊತ್ತು ಇರಲಿಲ್ಲ. ಹೆಂಡ್ರಿಕ್ಸ್‌ನ 1967ರ ಎರಡನೆಯ ಆಲ್ಬಮ್ಮಿನ ಹೊದಿಕೆಗೆ ನಮ್ಮ ಬಜಾರಿನ ವಿಶ್ವರೂಪದ ಕ್ಯಾಲೆಂಡರ್ ಚಿತ್ರವನ್ನೇ ಎತ್ತಿಕೊಂಡು ಮುಖ ಬದಲಿಸಿದ್ದು ಲಂಡನ್ನಿನಲ್ಲಿ. ಅಮೆರಿಕದ ಮೂಲನಿವಾಸಿಗಳ (ಅವರನ್ನೂ ಅಲ್ಲಿ ಇಂಡಿಯನ್ ಅಂತಲೇ ಕರೆಯುತ್ತಿದ್ದರು) ರಕ್ತವೂ ತನ್ನಲ್ಲಿದೆ ಅಂತಿದ್ದ ಹೆಂಡ್ರಿಕ್ಸ್‌ಗೆ, ಇವರು ಹಿಡಿದುಕೊಂಡದ್ದು ಬೇರೆ ಇಂಡಿಯಾ ಅಂತ ಬೇಸರವಾಯಿತಂತೆ.

ಲಂಡನ್ನಿನಲ್ಲಿ ಈ ಕಲೆಗೆ ಬೇರೆ ಮೈ ಬಂತು. ಯುಎಫ್‌ಒ ಕ್ಲಬ್ಬಿಗೆ ಮೈಕೆಲ್ ಇಂಗ್ಲಿಷ್ ಮತ್ತು ನೈಜೆಲ್ ವೇಮೌತ್, ಹ್ಯಾಪ್‌ಶಾಶ್ ಆಂಡ್ ದಿ ಕಲರ್ಡ್ ಕೋಟ್ ಅನ್ನೋ ಹೆಸರಿನಲ್ಲಿ ಮಾಡಿದ ಪೋಸ್ಟರುಗಳು ಸ್ಕ್ರೀನ್ ಪ್ರಿಂಟಿಂಗ್‌ನವು. ನಮ್ಮಲ್ಲಿ ಮದುವೆ ಕಾಗದಕ್ಕೆ ಹಾಕುವ ಹಾಗೆ ಬಂಗಾರ, ಬೆಳ್ಳಿ ಬಣ್ಣದ ಇಂಕು ಧಾರಾಳವಾಗಿ. ಅಲ್ಲಿ ನಡುಕ ಕಡಿಮೆ, ಕನಸು ಜಾಸ್ತಿ.

ಈ ಪೋಸ್ಟರುಗಳಿಗೆ ಏನಾಯಿತು ಅಂತೀರಾ? ಗ್ರಹಾಂ ಸ್ಕೂಟರ್ ಮೇಲೆ ಊರೆಲ್ಲ ಓಡಾಡಿ ತಾನೇ ಪೋಸ್ಟರ್ ಅಂಟಿಸುತ್ತಿದ್ದ ಕಾಲ ಒಂದಿತ್ತು. ಅಂಟಿಸಿ ಹಿಂದಿರುಗಿ ಬರುವಷ್ಟರಲ್ಲಿ ಗೋಡೆ ಖಾಲಿ. ಜನ ಕಿತ್ತುಕೊಂಡು ಹೋಗಿ ಕೋಣೆಯಲ್ಲಿ ಹಾಕಿಕೊಳ್ಳುತ್ತಿದ್ದರು. ಅಲ್ಲಿಗೆ ಗ್ರಹಾಂಗೂ ಗೊತ್ತಾಯಿತು, ಇದು ಜಾಹೀರಾತಿಗಿಂತ ದೊಡ್ಡ ಸರಕು ಅಂತ. ಕಾರ್ಯಕ್ರಮಕ್ಕೆ ಬಂದವರಿಗೆ ಪುಕ್ಕಟೆ ಹಂಚುವುದು, ಅಂಗಡಿಯಲ್ಲಿ ಮಾರುವುದು ಎರಡೂ ಶುರುವಾಯಿತು. 1967ರ ಜುಲೈನಲ್ಲಿ ಐವರ ಕೆಲಸ ಸೇರಿಸಿ ಮೂರ್ ಗ್ಯಾಲರಿಯಲ್ಲಿ ಜಾಯಿಂಟ್ ಷೋ ಅನ್ನೋ ಪ್ರದರ್ಶನವಾಯಿತು, ಸೆಪ್ಟೆಂಬರ್ 1ರ ಲೈಫ್ ಪತ್ರಿಕೆ ಪೋಸ್ಟರ್ ಹುಚ್ಚನ್ನು ಮುಖಪುಟಕ್ಕೆ ಹಾಕಿತು. ಆಮೇಲೆ ಸೋಪಿನಿಂದ ಹಿಡಿದು ಎಲ್ಲದರ ಜಾಹೀರಾತಿಗೂ ಇದೇ ಬಳುಕು ಅಕ್ಷರ ಬಂತು. ಎಲ್ಲರಿಗೂ ಓದೋಕೆ ಬಂದ ಮೇಲೆ ಒಗಟಿನಲ್ಲಿ ಏನು ಉಳಿಯಿತು? 1968ರ ಕೊನೆಗೆ ಅವಲಾನ್ ಕೈತಪ್ಪಿತು, 1971ರ ಜುಲೈ 4ಕ್ಕೆ ಗ್ರಹಾಂ ಫಿಲ್‌ಮೋರನ್ನು ಆಮೇಲೆ ಸಾಗಿಸಿದ್ದ ಹೊಸ ಜಾಗ ಫಿಲ್‌ಮೋರ್ ವೆಸ್ಟ್ ಮುಚ್ಚಿತು.

ಈಗ ಮೊದಲ ಮುದ್ರಣದ ಪ್ರತಿಗಳಿಗೆ ಹರಾಜಿನಲ್ಲಿ ಪೈಪೋಟಿ ಇದೆ. ಬೇಡಿಕೆ ನೋಡಿ ಆಗಲೇ ಎರಡನೆಯ, ಮೂರನೆಯ ಸಲ ಅಚ್ಚು ಹಾಕಿದ್ದರಿಂದ, ಕಾಗದದ ದಪ್ಪ, ಅಂಚಿನ ಸಣ್ಣ ಅಕ್ಷರ, ನಂಬರು ಇವೆಲ್ಲ ನೋಡಿ ಯಾವುದು ಮೊದಲಿನದು ಅಂತ ಪತ್ತೆ ಮಾಡುವ ಪಂಡಿತರಿದ್ದಾರೆ. ಮೂಲೆಯಲ್ಲಿ ಪಿನ್ ಚುಚ್ಚಿದ ತೂತು ಇದ್ದರೆ ಬೆಲೆ ಇಳಿಯುತ್ತದೆ, ಯಾರೂ ಮುಟ್ಟದೆ ಇಟ್ಟದ್ದಕ್ಕೆ ಬೆಲೆ ಜಾಸ್ತಿ. ನನ್ನ ಕೈಗೆ ಎಂದಾದರೂ ಒಂದು ಸಿಗುವುದಾದರೆ ನಾಲ್ಕು ಮೂಲೆಗೂ ತೂತು ಬಿದ್ದದ್ದೇ ಇರಲಿ. ಅದನ್ನು ಯಾರೋ ಗೋಡೆಯಿಂದ ಕದ್ದು ತಂದಿರುತ್ತಾರೆ.